ಓಡಿದ ಮರುದಿನ ಹಿಡಿದುಕೊಳ್ಳುವ ಕಾಲು

ಪ್ರಶ್ನೆ: ಪೊಲೀಸ್ ನೇಮಕಾತಿಗೆಂದು ಯಾದಗಿರಿ, ಶಹಾಪುರ, ಸುರಪುರದ ಕಡೆಯ ಯುವಕರು ಕಿಲೋಮೀಟರ್‌ಗಟ್ಟಲೆ ಓಡುತ್ತಾರೆ. ಓಡಿದ ದಿನ ಏನೂ ಅನಿಸದೆ, ಮರುದಿನ ತೊಡೆ, ಮೀನಖಂಡ ಬಿಗಿದುಕೊಳ್ಳುವುದೇಕೆ?

ಉತ್ತರ: ರೂಢಿಯಿಲ್ಲದಷ್ಟು ದೂರ ಓಡಿದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಹರಕುಗಳಾಗುತ್ತವೆ. ದೇಹ ಅವನ್ನು ದುರಸ್ತಿ ಮಾಡತೊಡಗಿದಾಗ ಅಲ್ಲಿ ಉರಿಯೂತ ಹುಟ್ಟಿ, ತುಸು ನೀರು ತುಂಬಿ, ನರತುದಿಗಳು ಸೂಕ್ಷ್ಮವಾಗುತ್ತವೆ. ಇದಕ್ಕೆ ಹೊತ್ತು ಹಿಡಿಯುವುದರಿಂದ ನೋವು 12ರಿಂದ 24 ಗಂಟೆ ತಡವಾಗಿ ಶುರುವಾಗುತ್ತದೆ. ಎರಡನೇ ಅಥವಾ ಮೂರನೇ ದಿನ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಕಾಲಲ್ಲಿ ಲ್ಯಾಕ್ಟಿಕ್ ಆಮ್ಲ ಉಳಿದುಬಿಡುವುದೇ ಕಾರಣವೆಂಬ ಮಾತು ಮೈದಾನಗಳಲ್ಲಿ ಇನ್ನೂ ಇದೆ. ಆ ಆಮ್ಲ ಓಟ ನಿಂತ ಒಂದೆರಡು ಗಂಟೆಯೊಳಗೇ ಕರಗಿಹೋಗುತ್ತದೆ. ಎಳೆಗಳು ಹರಿಯುವುದೇ ಕಾರಣವೆಂದು ಥಿಯೊಡೋರ್ ಹಫ್ ಎಂಬ ಶರೀರಶಾಸ್ತ್ರಜ್ಞ 1902ರಲ್ಲೇ ಬರೆದಿದ್ದ.

ಏರಿಗಿಂತ ಇಳಿಜಾರು ಹೆಚ್ಚು ನೋಯಿಸುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಹಿಡಿಯಬೇಕು. ಎಳೆ ಹರಿಯುವುದು ಹೆಚ್ಚಾಗಿ ಆಗಲೇ. ಸುರಪುರದ ಗುಡ್ಡದ ಓಣಿಗಳಲ್ಲಿ, ಯಾದಗಿರಿಯ ಕೋಟೆ ಬೆಟ್ಟದಲ್ಲಿ ಓಡುವವರಿಗೆ ಇದು ಬೇಗ ತಿಳಿಯುತ್ತದೆ. ಹೊಸಬರಿಗೆ ಕಾಲುವೆ ದಂಡೆಯ ಸಮವಾದ ಮಣ್ಣಿನ ದಾರಿಯೇ ಲೇಸು. ಒಮ್ಮೆ ನೊಂದು ಸುಧಾರಿಸಿದ ಸ್ನಾಯು ಮುಂದಿನ ಕೆಲವು ವಾರ ಅದೇ ಶ್ರಮಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ನೇಮಕಾತಿ ಪ್ರಕಟಣೆ ಬಂದ ಮೇಲೆ ಅವಸರದಲ್ಲಿ ದೂರ ಏರಿಸುವುದಕ್ಕಿಂತ, ತಿಂಗಳುಗಳ ಮೊದಲೇ ಸ್ವಲ್ಪಸ್ವಲ್ಪವಾಗಿ ಏರಿಸುವುದು ಉತ್ತಮ. ಪರೀಕ್ಷೆಯ ಓಟ ಪುರುಷರಿಗೆ 1600 ಮೀಟರ್, ಮಹಿಳೆಯರಿಗೆ 400 ಮೀಟರ್ ಮಾತ್ರ. ಅದಕ್ಕಾಗಿ ದಿನವೂ ಹತ್ತಾರು ಕಿಲೋಮೀಟರ್ ಓಡುವ ಅಗತ್ಯವಿಲ್ಲ.

ಪ್ರಶ್ನೆ: ನೋವಿಗೆ ಗುಳಿಗೆ ನುಂಗಿ, ಸೂಜಿ ಮಾಡಿಸಿಕೊಂಡು ಮತ್ತೆ ಓಡಬಹುದೇ?

ಉತ್ತರ: ಓಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ, ಬೆವರಿ ನೀರು ಕಳೆದುಕೊಂಡ ದೇಹಕ್ಕೆ ಅವು ಬಿದ್ದರೆ ಮೂತ್ರಪಿಂಡ ಕೆಡುವ ಭಯವಿದೆ. ನೋವು ಮುಚ್ಚಿಹೋದ ಕಾಲು ಮತ್ತಷ್ಟು ಪೆಟ್ಟು ತಿನ್ನುತ್ತದೆ ಕೂಡ.

ನಿಜವಾಗಿ ಹಗುರ ಮಾಡುವುದು ನಿಧಾನದ ನಡಿಗೆ, ನಿದ್ದೆ ಮತ್ತು ಊಟ. ಹಾಸಿಗೆ ಹಿಡಿದರೆ ಬಿಗಿತ ಬೇಗ ಬಿಡುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದು, ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂರುವುದು ತುಸು ಆರಾಮ ಕೊಡುತ್ತವೆ. ಸ್ನಾಯು ಎಳೆದು ಹಿಗ್ಗಿಸುವ ವ್ಯಾಯಾಮದಿಂದ ಈ ನೋವು ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ. ದುರಸ್ತಿಗೆ ಬೇಕಾದ ಪ್ರೋಟೀನ್‌ಗೆ ದುಬಾರಿ ಪುಡಿಯ ಡಬ್ಬಿ ಬೇಕಿಲ್ಲ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಇದ್ದರೆ ಸಾಕು. ಮೊಟ್ಟೆ ತಿನ್ನುವವರಿಗೆ ಅದೂ ಒಳ್ಳೆಯದು.

ಪ್ರಶ್ನೆ: ಯಾವ ನೋವನ್ನು ನಿರ್ಲಕ್ಷಿಸಬಾರದು?

ಉತ್ತರ: ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ದೊಡ್ಡ ಪ್ರಮಾಣದಲ್ಲಿ ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ. ಅಂಥವರು ಅದೇ ಗಳಿಗೆಯಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಸೇರಬೇಕು. ಒಂದೇ ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿದ್ದು, ಅದಕ್ಕೂ ತಡಮಾಡಬಾರದು. ಅಂಥ ಕಾಲನ್ನು ತಿಕ್ಕಲೇಬಾರದು. ಮೊಳಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟರೆ ನೋಯುತ್ತಿದ್ದರೆ ಎಲುಬು ಬಿರುಕು ಬಿಟ್ಟಿರಬಹುದು. ವೈದ್ಯರ ತಪಾಸಣೆ ಆಗುವವರೆಗೆ ಓಟ ನಿಲ್ಲಿಸಬೇಕು.

ಓಟ ಬಿಟ್ಟು ವಾರಗಳಾದರೂ ಬೆನ್ನು, ಕೀಲುಗಳ ಬಿಗಿತ ಹೋಗದಿದ್ದರೆ ಕುಡಿಯುವ ನೀರಿನ ಕಡೆಗೂ ಗಮನ ಹರಿಸಬೇಕು. ಯಾದಗಿರಿ ಜಿಲ್ಲೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಎಲುಬು, ಕೀಲುಗಳು ಬಿಗಿಯುವುದುಂಟು. ಆ ಬಿಗಿತ ವಿಶ್ರಾಂತಿಯಿಂದ ಹೋಗದು. ನೀರಿನ ಪರೀಕ್ಷೆ ಮಾಡಿಸಿ, ಕುಡಿಯುವ ನೀರನ್ನು ಬದಲಿಸಬೇಕು.