ಹೊತ್ತು ಬರೆದಿಡಿ

ಭಟ್ಕಳ, ಹೊನ್ನಾವರ, ಕುಮಟಾದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ, ಇಲ್ಲವೇ ಮಂಗಳೂರು. ಭಟ್ಕಳದಿಂದ ಮಣಿಪಾಲಕ್ಕೇ ಸುಮಾರು 90 ಕಿ.ಮೀ. ದೂರದ ದಾರಿಯಲ್ಲಿ ಅಪಾಯವೂ ಇದೆ: 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿದ್ದನ್ನು ಯಾರು ಮರೆತಾರು? ಹಾಗಾಗಿ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ, ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿದ ಅಳತೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾಗುವ ಬಗೆಯ ಹೃದಯಾಘಾತವಾಗಿದ್ದರೆ, ಅದು ಬೇಗ ಸಿಕ್ಕಷ್ಟೂ ಹೃದಯಕ್ಕೆ ಹಾನಿ ಕಡಿಮೆ. ನೋವು ಶುರುವಾದ, ಆಸ್ಪತ್ರೆ ಮುಟ್ಟಿದ, ಇಸಿಜಿ ಆದ, ಇಂಜೆಕ್ಷನ್ ಕೊಟ್ಟ ಹೊತ್ತನ್ನು ಜೊತೆಗಿದ್ದವರು ಮೊಬೈಲಿನಲ್ಲಿ ಬರೆದಿಡಿ. ಅಲ್ಲಿಂದ ಮಣಿಪಾಲಕ್ಕೆ ಕಳಿಸಿದರೆ ಅಲ್ಲಿನ ಡಾಕ್ಟರಿಗೂ ಅದು ಬೇಕು. ಮುಂದೆ ದೂರು ಕೊಡುವುದಿದ್ದರೂ ಅಷ್ಟೆ: "ತುಂಬಾ ಕಾಯಿಸಿದರು" ಎಂದರೆ ಯಾರೂ ಕಿವಿಗೊಡುವುದಿಲ್ಲ, ನಿಮಿಷ ಬರೆದು ಕೊಟ್ಟರೆ ಉತ್ತರ ಹೇಳಲೇಬೇಕಾಗುತ್ತದೆ.