ಒಂದು ಯುರೇನಿಯಂ ಘನದ ಜಾತಕ

ಯುದ್ಧರಂಗದಿಂದ ಮರಳುವವರು ಶತ್ರುವಿನ ಖಡ್ಗ, ಶಿರಸ್ತ್ರಾಣ, ಪದಕ ಮೊದಲಾದುವನ್ನು ನೆನಪಿಗಾಗಿ ತರುವುದು ಬಹುಕಾಲದ ವಾಡಿಕೆ. ಅಂಥ ವಸ್ತುವಿನೊಡನೆ ಒಂದು ಕಥೆಯೂ ಮನೆಗೆ ಬರುತ್ತದೆ. ತಂದವರು ತೀರಿಕೊಂಡ ಮೇಲೆ ಆ ಕಥೆ ನಿಜವೇ ಎಂದು ಯಾರನ್ನು ಕೇಳಬೇಕು? ವಸ್ತುವನ್ನೇ ಕೇಳಬೇಕೆಂಬುದು ವಿಜ್ಞಾನದ ಉತ್ತರ. ಕೇಳುವ ಬಗೆ ಹೇಗೆಂಬುದನ್ನು ಒಂದು ನಿದರ್ಶನದಿಂದ ತಿಳಿಯೋಣ.

2013ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ತಿಮೊತಿ ಕೋಯೆತ್ ಅವರ ಕೈಗೆ ಲೋಹದ ಘನವೊಂದು ಬಂದಿತು. ಹಿಟ್ಲರನು ಕಟ್ಟಿಸಲೆತ್ನಿಸಿದ ಪರಮಾಣು ರಿಯಾಕ್ಟರಿನಿಂದ ತಂದದ್ದೆಂದು ಅದರೊಡನೆ ಇದ್ದ ಚೀಟಿ ಸಾರುತ್ತಿತ್ತು.

ಇತಿಹಾಸದಲ್ಲಿ ಇದಕ್ಕೆ ಆಧಾರವುಂಟು. 1945ರ ಆರಂಭದಲ್ಲಿ ಹೈಸನ್‌ಬರ್ಗ್ ಮತ್ತು ಅವರ ಸಂಗಡಿಗರು ದಕ್ಷಿಣ ಜರ್ಮನಿಯ ಹೈಗರ್ಲೋಖ್ ಎಂಬ ಊರಿನ ಗುಹೆಯೊಂದರಲ್ಲಿ 664 ಯುರೇನಿಯಂ ಘನಗಳನ್ನು ತಂತಿಗಳಿಗೆ ಕಟ್ಟಿ, ಸುಮಾರು ಒಂದೂವರೆ ಟನ್ ಭಾರಜಲದಲ್ಲಿ ಇಳಿಬಿಟ್ಟಿದ್ದರು. ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಬಂದ ಮಿತ್ರರಾಷ್ಟ್ರಗಳ 'ಆಲ್ಸೋಸ್' ತಂಡವು ಹೊಲದಲ್ಲಿ ಹೂತಿಟ್ಟಿದ್ದ ಘನಗಳನ್ನು ಅಗೆದು ತೆಗೆಸಿತು. ಬಳಿಕ ಕೆಲವು ಸ್ಮರಣವಸ್ತುಗಳಾಗಿ ಕೈಯಿಂದ ಕೈಗೆ ಸಾಗಿದುವು.

ಮೊದಲ ಸಾಕ್ಷ್ಯ ಆಕಾರದ್ದು. ಘನದ ಅಂಚು ಸುಮಾರು 5 ಸೆಂಟಿಮೀಟರ್. ಆದರೂ ತೂಕ ಎರಡು ಕಿಲೋಗ್ರಾಂ ಮೀರುತ್ತದೆ. ಸೀಸದ ಸಾಂದ್ರತೆ 11.3 ಆದರೆ ಯುರೇನಿಯಮಿನದು ಸುಮಾರು 19. ತಂತಿ ಕೂರಲು ಅಂಚಿನಲ್ಲಿ ಕಚ್ಚುಗಳೂ ಇವೆ.

ಎರಡನೆಯ ಸಾಕ್ಷ್ಯ ಕಾಲದ್ದು. ಅದಿರನ್ನು ಶುದ್ಧೀಕರಿಸಿ ಲೋಹ ತಯಾರಿಸುವಾಗ ಅದರಲ್ಲಿನ ಥೋರಿಯಂ ಹೊರಹೋಗುತ್ತದೆ. ಆ ದಿನದಿಂದ ಗಡಿಯಾರವೊಂದು ನಡೆಯತೊಡಗುತ್ತದೆ. ಯುರೇನಿಯಂ-234 ಕ್ಷಯಿಸಿ ಥೋರಿಯಂ-230 ಆಗುತ್ತದೆ; ಅದರ ಅರ್ಧಾಯು ಸುಮಾರು 2,45,500 ವರ್ಷ. 0.693ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ವರ್ಷವೊಂದರಲ್ಲಿ ಕ್ಷಯಿಸುವ ಭಾಗ 0.00000282 ಎಂದು ದೊರೆಯುತ್ತದೆ. 70 ವರ್ಷಗಳಿಗೆ ಇದು 0.000197. ಎಂದರೆ, 1943ರಲ್ಲಿ ಎರಕ ಹೊಯ್ದ ಘನವನ್ನು 2013ರಲ್ಲಿ ಪರೀಕ್ಷಿಸಿದರೆ, ಹತ್ತು ಸಾವಿರ ಯುರೇನಿಯಂ-234 ಪರಮಾಣುಗಳಿಗೆ ಸುಮಾರು ಎರಡು ಥೋರಿಯಂ ಪರಮಾಣುಗಳು ಇರಬೇಕು. ಯುರೇನಿಯಂ-234 ಸಹ ಒಟ್ಟು ಯುರೇನಿಯಮಿನ ಹತ್ತು ಲಕ್ಷದಲ್ಲಿ 55 ಭಾಗ ಮಾತ್ರ. ಆದುದರಿಂದ ಸುಮಾರು ಒಂಬತ್ತು ಕೋಟಿ ಯುರೇನಿಯಂ ಪರಮಾಣುಗಳ ನಡುವೆ ಒಂದೇ ಒಂದು ಥೋರಿಯಂ-230 ಪರಮಾಣುವನ್ನು ಎಣಿಸಬೇಕಾಗುತ್ತದೆ! ದ್ರವ್ಯರಾಶಿ ರೋಹಿತಮಾಪಕದಿಂದ ಇದು ಸಾಧ್ಯ.

ಜರ್ಮನಿಯ ಕಾರ್ಲ್ಸ್‌ರೂಹೆಯ ವಿಜ್ಞಾನಿಗಳು ಹೈಸನ್‌ಬರ್ಗ್ ಘನವೊಂದನ್ನು ಹೀಗೆ ಪರೀಕ್ಷಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದು ತಯಾರಾದುದು 1943ರ ಉತ್ತರಾರ್ಧದಲ್ಲಿ. ಲೋಹದಲ್ಲಿ ಲೇಶಮಾತ್ರವಾಗಿ ಉಳಿದ ವಿರಳ ಭಸ್ಮ ಧಾತುಗಳ ಪ್ರಮಾಣ ಗಣಿಯಿಂದ ಗಣಿಗೆ ಬೇರೆ. ಅವು ಬೊಹೀಮಿಯದ ಯೋಕಿಮ್‌ಸ್ಟಾಲ್ ಗಣಿಗಳತ್ತ ಬೆರಳು ತೋರಿದುವು. ಕ್ಯೂರಿ ದಂಪತಿಗಳು ರೇಡಿಯಂ ಬೇರ್ಪಡಿಸಿದ ಅದಿರು ಬಂದುದೂ ಅಲ್ಲಿಂದಲೇ.

ಎಲ್ಲಕ್ಕಿಂತ ಗಹನವಾದ ಪ್ರಶ್ನೆ ಇನ್ನೊಂದಿದೆ: ಆ ರಿಯಾಕ್ಟರು ಎಂದಾದರೂ ನಡೆಯಿತೇ? ಜರ್ಮನಿಯು ಪರಮಾಣು ಬಾಂಬನ್ನು ಮೊದಲು ಸಿದ್ಧಪಡಿಸೀತೆಂಬ ಭಯವೇ ಅಮೆರಿಕವನ್ನು ಆ ಕಾರ್ಯಕ್ಕೆ ಪ್ರೇರಿಸಿತ್ತು. ಸರಪಣಿ ಕ್ರಿಯೆ ನಡೆದಿದ್ದರೆ ನ್ಯೂಟ್ರಾನುಗಳನ್ನು ಹೀರಿದ ಯುರೇನಿಯಮಿನಲ್ಲಿ ಯುರೇನಿಯಂ-236 ಮತ್ತು ಪ್ಲುಟೋನಿಯಂ-239 ಹೆಚ್ಚಿರಬೇಕು. ಘನದಲ್ಲಿ ಅವು ನಿಸರ್ಗದ ಅದಿರಿನಲ್ಲಿರುವಷ್ಟೇ ಇದ್ದುವು. ಗುಹೆಯ ರಿಯಾಕ್ಟರಿಗೆ 664 ಘನಗಳು ಸಾಲಲಿಲ್ಲ. ಸುಮಾರು 400 ಘನಗಳು ಪ್ರತಿಸ್ಪರ್ಧಿಯಾದ ಡೀಬ್ನರ್ ತಂಡದ ಬಳಿ ಉಳಿದಿದ್ದುವು.

ಯುರೇನಿಯಂ-235ರಿಂದ ಹುಟ್ಟುವ ಪ್ರೊಟಾಕ್ಟಿನಿಯಂ-231 ಇನ್ನೊಂದು ಗಡಿಯಾರ. ಯುರೇನಿಯಂ-235ರ ಅರ್ಧಾಯುವನ್ನು 70.4 ಕೋಟಿ ವರ್ಷವೆಂದು ಹಿಡಿದು, 70 ವರ್ಷಗಳಲ್ಲಿ ಅದೆಷ್ಟು ಸಂಗ್ರಹವಾದೀತೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಎರಡು ಗಡಿಯಾರಗಳೂ ಒಂದೇ ವರ್ಷವನ್ನು ತೋರಿದರೆ, ಚೀಟಿ ಕಳೆದುಹೋದರೂ ಘನದ ಜನ್ಮಕಾಲಕ್ಕೆ ಸಾಕ್ಷ್ಯ ಉಳಿಯುತ್ತದೆ.