ಕಸೂತಿಯೂ ಹೊಸ ಉಡುಪೂ

ಧಾರವಾಡದ ಕಡೆಯ ಕಸೂತಿಯನ್ನು ಹೊಗಳುವವರಿಗೆ ಕೊರತೆಯಿಲ್ಲ. ಅದರ ಹೊಲಿಗೆಯ ಕ್ರಮವನ್ನು ಅರಿತು ಹೊಗಳುವವರು ಮಾತ್ರ ವಿರಳ. ಕೈಚೀಲ, ಕುರ್ತಾ, ದುಪಟ್ಟಾಗಳಿಗೆಲ್ಲ ಕಸೂತಿ ಹಾಕಿಸುತ್ತಿರುವ ಈ ಕಾಲದಲ್ಲಿ ಆ ಕ್ರಮವನ್ನು ತುಸು ವಿಚಾರಿಸುವುದು ಅವಶ್ಯವೆಂದು ನನ್ನ ಭಾವನೆ.

ಇದರ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ನಡೆಯಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಸಂದುಗಳನ್ನು ದಾರವು ಮರಳಿ ಬರುವಾಗ ತುಂಬುತ್ತದೆ. ಗಂಟು ಹಾಕುವುದಿಲ್ಲ. ಆದುದರಿಂದ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ಚಿತ್ರ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ಹೆಸರಿಗೆ ತಕ್ಕಂತೆ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಗುಣಾಕಾರದ ಗುರುತಿನಂಥ ಹೊಲಿಗೆ; ಅದರ ಬೆನ್ನು ಮುಖದಂತಿರುವುದಿಲ್ಲ.

ಇಳಕಲ್ ಸೀರೆಯ ಸೆರಗು ಗಾಳಿಗೆ ಹೊರಳಿದರೂ ಗವಂತಿಗೆ ನಾಚಿಕೆಯಿರಲಿಲ್ಲ. ಕೈಚೀಲಕ್ಕೆ ಒಳಗಿನಿಂದ ಅಸ್ತರು ಹಚ್ಚಿದರೆ ಆ ದುಡಿಮೆಯ ಅರ್ಧ ಕತ್ತಲೆಗೆ ಹೋಯಿತು. ಅಂಥ ಚೀಲಕ್ಕೂ ದಿಂಬಿಗೂ ಮೆಂತಿ ಸಾಕು. ಗವಂತಿ, ಮುರ್ಗಿಗಳನ್ನು ದುಪಟ್ಟಾ, ಶಾಲುಗಳಿಗೆ ಮೀಸಲಿಡುವುದು ಲೇಸು. ನಮ್ಮ ಹೊಸ ವಿನ್ಯಾಸಕಾರರು ಚಿತ್ರವನ್ನು ಆರಿಸುವಷ್ಟು ಎಚ್ಚರದಿಂದ ಹೊಲಿಗೆಯನ್ನು ಆರಿಸುವುದಿಲ್ಲ.

ನನ್ನ ತಾಯಿ ಕಸೂತಿ ಹಾಕಿ ಗಳಿಸಿದ ಕೂಲಿಯಿಂದಲೇ ನನ್ನ ಮೂರು ವರ್ಷದ ಶುಲ್ಕ ಸಂದಿದೆ. ನನಗಿದು ಬರಿಯ ಕಲಾವಿಚಾರವಲ್ಲ. ಒತ್ತಾಗಿ ನೇಯ್ದ ಗಿರಣಿಬಟ್ಟೆಯಲ್ಲಿ ಎಳೆ ಕಣ್ಣಿಗೆ ಹತ್ತದು. ಮೇಲೊಂದು ಜಾಳು ಬಟ್ಟೆಯನ್ನು ಟಾಕಿ, ಅದರ ಎಳೆ ಎಣಿಸಿ ಹೊಲಿದು, ಆಮೇಲೆ ಆ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯಬೇಕು. ಹೀಗೆ ಹಿರಿಯುವ ಕೆಲಸಕ್ಕೆ ನಮ್ಮ ಮನೆಗೆ ಬೇರೆ ಕೂಲಿ ಬಂದದ್ದಿಲ್ಲ. ಎಣಿಕೆಗೆ ಸಿಕ್ಕುವ ಕೈಮಗ್ಗದ ಬಟ್ಟೆಯನ್ನೇ ಮೊದಲು ಆರಿಸಿದ್ದರೆ ಈ ತೊಡಕೇ ಇರದು. 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆಯಡಿ ಕಸೂತಿಯ ಹೆಸರಿಗೆ ರಕ್ಷಣೆ ದೊರೆತಿದೆ, ಸಂತೋಷ. ಕಾಯಿದೆ ಕೂಲಿಯನ್ನು ಗೊತ್ತುಮಾಡುವುದಿಲ್ಲ.

ಇನ್ನು ಚಿತ್ರಗಳು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಇವೆಲ್ಲ ಹೆಂಗಸರು ದಿನವೂ ಕಂಡು ಎತ್ತಿಕೊಂಡವು. ಯಾವುದು ಎಲ್ಲಿರಬೇಕೆಂಬ ಎಣಿಕೆಯೂ ಅವರಿಗುಂಟು. ಹೋದ ವರ್ಷ ವ್ಯಾಪಾರಿಯೊಬ್ಬರು ಚಪ್ಪಲಿಯ ಪಟ್ಟಿಗೆ ತುಳಸಿಕಟ್ಟೆಯನ್ನು ಕೇಳಿದರು. "ತುಳಸಿಕಟ್ಟಿ ಕಾಲಾಗ ಹಾಕ್ಕೋತಾರೇನ್ರಿ? ಬಳ್ಳಿ ಹಾಕಿ ಕೊಡ್ತೀನಿ, ಬ್ಯಾಡಂದ್ರ ಬ್ಯಾರೇ ಕಡೆ ನೋಡ್ರಿ" ಎಂದಳು ತಾಯಿ. ಅವರು ಬಳ್ಳಿಗೆ ಒಪ್ಪಿದರು. ಆ ಚಪ್ಪಲಿಗಳು ಚೆನ್ನಾಗಿಯೇ ಮಾರಾಟವಾದುವೆಂದು ಆಮೇಲೆ ಕೇಳಿದೆ.